ಅಬುಧಾಬಿ ರಸ್ತೆಯಲ್ಲಿ ಕೇಳಿದ ಕೊರಿಯದ ಹಾಡು

ಮೊದಲು ಎದ್ದು ನಿಂತದ್ದು ನಾನೇ ಎಂದು ನನ್ನ ನೆನಪು. ನಮ್ಮ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ತಮಿಳರೊಬ್ಬರು ಅದು ತಾವೇ ಎನ್ನುತ್ತಾರೆ. ಅವರು ಹೇಳುವುದೂ ಸರಿ ಇರಬಹುದು. ಎರಡು ಸಾವಿರದ ಹದಿನಾಲ್ಕೋ ಹದಿನೈದೋ, ಅಬುಧಾಬಿಯಲ್ಲಿ ಕೊರಿಯದ ಒಂದು ಗುತ್ತಿಗೆ ಕಂಪೆನಿಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಕೆಲಸದ ಒಂದು ಹಂತ ಮುಗಿಯಿತೆಂದು ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲೊಂದರಲ್ಲಿ ಎಲ್ಲರಿಗೂ ಊಟ ಇಟ್ಟಿದ್ದರು. ಊಟದ ನಡುವೆ ಕೊರಿಯದವರ ಮೇಜಿನಲ್ಲಿ ಒಬ್ಬರು ಮೆಲ್ಲಗೆ ಹಾಡತೊಡಗಿದರು. ಒಂದೆರಡು ಸಾಲಿನೊಳಗೆ ಮೇಜೆಲ್ಲ ದನಿಗೂಡಿಸಿತು. ಹಿಂದಿನ ದಿನ ಕಾಂಕ್ರೀಟಿನ ವಿಷಯಕ್ಕೆ ಒಬ್ಬರ ಮೇಲೊಬ್ಬರು ಕೂಗಾಡಿದ್ದ ಇಬ್ಬರು ಈಗ ಭುಜಕ್ಕೆ ಭುಜ ತಾಗಿಸಿ ತೂಗುತ್ತಿದ್ದರು. ಕೆಲವರ ಕಣ್ಣು ಒದ್ದೆಯಾಗಿತ್ತು. ನಮಗೆ ಇನ್ನೇನು ಬೇಕು? ಇದು ಅವರ ರಾಷ್ಟ್ರಗೀತೆಯೇ ಇರಬೇಕೆಂದು ತಿಳಿದು, ಶಾಲೆಯ ಅಂಗಳದಲ್ಲಿ ಕಲಿತ ಹಾಗೆ, ಭಾರತೀಯರೆಲ್ಲ ಕುರ್ಚಿ ಹಿಂದೆ ತಳ್ಳಿ ಸಾವಧಾನ್ ಭಂಗಿಯಲ್ಲಿ ನಿಂತೆವು. ಒಬ್ಬನ ಬಾಯಲ್ಲಿ ಕಬಾಬಿನ ತುಂಡಿತ್ತು. ಜಗಿಯುವುದೋ ಬಿಡುವುದೋ ತಿಳಿಯದೆ ಕೆನ್ನೆ ಉಬ್ಬಿಸಿಕೊಂಡೇ ನಿಂತಿದ್ದ.

ಕೊರಿಯದವರು ನಮ್ಮನ್ನು ನೋಡಿ ಕಕ್ಕಾಬಿಕ್ಕಿಯಾದರು. ಅತಿಥಿಗಳು ನಿಂತಿರುವಾಗ ತಾವು ಕುಳಿತಿರುವುದು ಹೇಗೆಂದು ಅವರೂ ಒಬ್ಬೊಬ್ಬರಾಗಿ ಎದ್ದರು. ಎದ್ದ ಮೇಲೆ ತೂಗಾಟ ನಿಂತಿತು, ಹಾಡು ಬಿಗಿದುಕೊಂಡಿತು, ಹೇಗೋ ಮುಗಿಯಿತು. ಈಗ ನಿಮ್ಮ ದೇಶದ್ದೊಂದು ಹಾಡಿ ಎಂದು ನಮ್ಮನ್ನು ಕೇಳಿದರು. ಮಲಯಾಳಿಗಳು, ತಮಿಳರು, ಪಂಜಾಬಿನವರು, ತುಳುವರು ನಾವು ಅಲ್ಲೇ ಸಣ್ಣ ಸಭೆ ನಡೆಸಿ, ಕೊನೆಗೆ ಒಂದು ಹಳೆಯ ಹಿಂದಿ ಸಿನಿಮಾ ಹಾಡು ಎತ್ತಿಕೊಂಡೆವು. ಎಲ್ಲರಿಗೂ ಮೊದಲ ಸಾಲು ಮಾತ್ರ ಬರುತ್ತಿತ್ತು. ಅದನ್ನೇ ನಾಲ್ಕು ಸಲ ಹಾಡಿ ಕೂತೆವು.

ನಮ್ಮ ವಿಭಾಗದ ಮುಖ್ಯಸ್ಥರನ್ನು ನಾವೆಲ್ಲ ಬುಜಾಂಗ್‌ನಿಮ್ ಎಂದು ಕರೆಯುತ್ತಿದ್ದೆವು. ಅದು ಹೆಸರಲ್ಲ, ಹುದ್ದೆ. ಹಿರಿಯರನ್ನು ಹೆಸರು ಹಿಡಿದು ಕರೆಯದಿರುವುದರಲ್ಲಿ ಅವರೂ ನಮ್ಮ ಹಾಗೆಯೇ. ಅರವತ್ತರ ಹತ್ತಿರದ, ಗಿಡ್ಡ, ಗಟ್ಟಿ ಮನುಷ್ಯ. ಅವರಿಗೂ ನನಗೂ ವಾರಕ್ಕೊಮ್ಮೆ ದುಬೈಗೆ ಹೋಗುವ ಕೆಲಸವಿರುತ್ತಿತ್ತು. ಅಲ್ಲಿಯ ಅಲ್ ಮುರಕ್ಕಬಾತಿನಲ್ಲಿ ನಮಗೆ ವಾಲ್ವ್ ಪೂರೈಸುವವರ ಆಫೀಸಿತ್ತು. ಕಾರು ಓಡಿಸುವುದು ನಾನು, ಪಕ್ಕದಲ್ಲಿ ಅವರು. ಆ ಊಟದ ಮುಂದಿನ ವಾರ ಅವರು ಕೇಳಿದರು, "ಅವತ್ತು ನೀವೆಲ್ಲ ಯಾಕೆ ನಿಂತಿರಿ?"

"ರಾಷ್ಟ್ರಗೀತೆ ಅಂದುಕೊಂಡೆವು, ಸರ್."

ಅವರು ಡ್ಯಾಶ್‌ಬೋರ್ಡಿಗೆ ಕೈ ಬಡಿದು ನಕ್ಕರು. "ರಾಷ್ಟ್ರಗೀತೆಗೆ ಯಾರಾದರೂ ಅಳುತ್ತಾರಾ? ಅದಕ್ಕೆ ನಾವೂ ನಿಮ್ಮ ಹಾಗೇ ನೆಟ್ಟಗೆ ನಿಲ್ಲುತ್ತೇವೆ. ನಿಂತು, ಮಧ್ಯಾಹ್ನದ ಊಟಕ್ಕೇನು ಅಂತ ಯೋಚಿಸುತ್ತೇವೆ."

ಆಮೇಲೆ ವಿವರಿಸಿದರು. ಅದು ಹಳ್ಳಿಯ ಹಾಡು. ಬೆಟ್ಟದ ದಾರಿ ದಾಟಿ ಬಿಟ್ಟು ಹೋಗುವವರ ಬಗ್ಗೆ. ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಪರದೇಶದವರು ಆಳುತ್ತಿದ್ದಾಗ ಅದನ್ನು ಹಾಡಿದರು, ಯುದ್ಧದಲ್ಲಿ ಗಡಿಯ ಆ ಕಡೆಯವರೂ ಈ ಕಡೆಯವರೂ ಹಾಡಿದರು. ಉತ್ತರ, ದಕ್ಷಿಣ ಎರಡೂ ದೇಶಗಳ ಆಟಗಾರರು ಒಟ್ಟಿಗೆ ಮೈದಾನಕ್ಕೆ ಇಳಿದಾಗ ಯಾರ ರಾಷ್ಟ್ರಗೀತೆ ನುಡಿಸುವುದೆಂಬ ಪ್ರಶ್ನೆ ಬಂದರೆ, ಎರಡನ್ನೂ ಬಿಟ್ಟು ಇದನ್ನೇ ನುಡಿಸುತ್ತಾರೆ.

ಒಂದು ಹಾಡಿನೊಳಗೆ ಒಂದು ದೇಶ ಕುಳಿತಿರುತ್ತದೆ ಎಂಬ ಮಾತನ್ನು ನಾನು ನಂಬಿದವನಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ನನಗೆ ಉಳಿದದ್ದು ಇದೊಂದೇ ಚಾಳಿ: ಎಲ್ಲರೂ ಒಪ್ಪಿದ್ದನ್ನು ಕೆದಕುವುದು. "ದೇಶ ಎರಡು, ಹಾಡು ಒಂದು. ಅಂದರೆ ಹಾಡು ಸುಳ್ಳೋ ದೇಶ ಸುಳ್ಳೋ?" ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. "ಹಾಡು ಒಂದಲ್ಲ," ಎಂದರು. ಒಂದೊಂದು ಕಣಿವೆಗೆ ಒಂದೊಂದು ಇತ್ತಂತೆ. ಶಾಲೆ ಮತ್ತು ರೇಡಿಯೋ ಸೇರಿ ಒಂದನ್ನು ಎಲ್ಲರ ಬಾಯಿಗೂ ಕೊಟ್ಟವು, ಉಳಿದವು ಅದರ ಕೆಳಗೆ ಹೋದವು. ಅವರ ತಾಯಿ ಯುದ್ಧದಲ್ಲಿ ಉತ್ತರದಿಂದ ಓಡಿ ಬಂದವರು. ಊರು ಗಡಿಯಾಚೆ ಉಳಿಯಿತು, ಹಾಡು ಬಾಯಲ್ಲಿ ಬಂತು. ಅದನ್ನು ಅವರು ಬತ್ತದ ಗದ್ದೆಯಲ್ಲಿ ಸೊಂಟ ಬಗ್ಗಿಸಿ ಹಾಡುತ್ತಿದ್ದರು. ಹಾಡಿನ ನಡುವೆ ಒಂದು ಕಡೆ ದನಿ ನಿಲ್ಲುತ್ತದೆ. ಕೈ ಕೆಸರಿಗೆ ಇಳಿಯುವಾಗ ಉಸಿರು ಹಿಡಿಯಬೇಕಲ್ಲ, ಅದಕ್ಕೆ.

"ನಿಮ್ಮ ಮಗಳಿಗೆ ಇದನ್ನು ಕಲಿಸಿದ್ದೀರಾ?" ಎಂದೆ.

"ಮಗಳಿಗೆ ಪಿಯಾನೋ ಕಲಿಸಿದೆವು."

ಇಷ್ಟು ಹೇಳಿ ತಾಯಿಯ ಆ ಹಾಡನ್ನು ಹಾಡಿದರು. ಹೊರಗೆ ಮರಳು, ಒಳಗೆ ಎ.ಸಿ.ಯ ಸದ್ದು, ಅದರ ಮೇಲೆ ಈ ಒರಟು ದನಿ. ಆಮೇಲೆ ಹೆಚ್ಚುಕಡಿಮೆ ಪ್ರತಿ ವಾರ, ಊರ ಕಟ್ಟಡಗಳು ಹಿಂದೆ ಬಿದ್ದ ಮೇಲೆ, ಅವರು ಅದನ್ನು ಗುನುಗುತ್ತಿದ್ದರು. ತಮ್ಮವರ ಮುಂದೆ ಮಾತ್ರ ಎಂದೂ ಹಾಡಲಿಲ್ಲ. "ಅವರೂ ಸೇರಿಕೊಳ್ಳುತ್ತಾರೆ. ಸೇರಿಕೊಂಡರೆ ಅವರದ್ದೇ ಆಗಿಬಿಡುತ್ತದೆ," ಎಂದಿದ್ದರು. ನಾನು ಭಾಷೆ ತಿಳಿಯದವನು, ಸೇರಿಕೊಳ್ಳಲಾರದವನು. ಅದಕ್ಕೇ ನನ್ನೆದುರು ಧೈರ್ಯ ಇದ್ದಿರಬೇಕು.

ಅದಾಗಿ ಒಂದು ವರ್ಷ ಕಳೆದಿತ್ತೇನೋ. ಒಂದು ಬೆಳಿಗ್ಗೆ ಮೀಟಿಂಗಿನಲ್ಲಿ ಮಾತಾಡುತ್ತಿದ್ದ ಬುಜಾಂಗ್‌ನಿಮ್ ನಡುವೆ ಸುಮ್ಮನಾದರು. ಯೋಚಿಸುತ್ತಿದ್ದಾರೆಂದು ನಾವೆಲ್ಲ ಮರ್ಯಾದೆಯಿಂದ ಕಾದೆವು. ಬಾಯಿ ಒಂದು ಬದಿಗೆ ವಾಲಿದಾಗಲೇ ಪಾರ್ಶ್ವವಾಯು ಎಂದು ತಿಳಿದದ್ದು. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಬಲಗೈ ಮತ್ತು ಮಾತು ಹೋದವು. ಸಿಯೋಲ್ ನಗರದಿಂದ ಮಗಳು ಬಂದು ಕರೆದುಕೊಂಡು ಹೋದಳು. ನನಗಿಂತ ಚಿಕ್ಕವಳು, ಮದುವೆಯಾದವಳು. ವಿಮಾನ ನಿಲ್ದಾಣದಲ್ಲಿ ನಾನು ಬುಜಾಂಗ್‌ನಿಮ್ ಅವರ ಎಡಗೈ ಹಿಡಿದೆ. ಅವರು ನನ್ನನ್ನು ನೋಡಿದರು. ಗುರುತು ಹಿಡಿದರು ಎಂದು ಬರೆಯಬೇಕೆನಿಸುತ್ತದೆ, ಆದರೆ ಆಗಲೂ ನನಗೆ ಖಾತ್ರಿ ಇರಲಿಲ್ಲ.

ಕೆಲವು ತಿಂಗಳ ಮೇಲೆ ಮಗಳ ಫೋನು ಬಂತು. ಮಾತು ಕಳೆದುಕೊಂಡವರಿಗೆ ಕೆಲವೊಮ್ಮೆ ಎಳವೆಯಲ್ಲಿ ಕೇಳಿದ ಹಾಡಿನ ಮೂಲಕ ಮಾತು ಮರಳುವುದುಂಟು ಎಂದು ಅಲ್ಲಿನ ಚಿಕಿತ್ಸಕಿ ಹೇಳಿದ್ದಳಂತೆ. ಯಾವ ಹಾಡು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ದೇಶಕ್ಕೆಲ್ಲ ಇರುವುದು ಅದೊಂದೇ. ಮಗಳು ಹಾಡಿದಳು, ನರ್ಸುಗಳು ಹಾಡಿದರು, ವಾದ್ಯವೃಂದದ ರೆಕಾರ್ಡು ಹಾಕಿದರು. ಪ್ರತಿ ಸಲ ಅವರು ಮುಖ ಗೋಡೆಗೆ ತಿರುಗಿಸಿದರು.

"ಅಪ್ಪ ಅಲ್ಲಿದ್ದಾಗ ಒಮ್ಮೆ ಹೇಳಿದ್ದರು, ಅಜ್ಜಿಯ ಹಾಡನ್ನು ಕಾರಿನಲ್ಲಿ ಒಬ್ಬ ಇಂಡಿಯನ್ನಿಗೆ ಕೇಳಿಸುತ್ತೇನೆ ಅಂತ," ಎಂದಳು. "ನಾನು ಅದನ್ನು ಒಮ್ಮೆಯೂ ಕೇಳಿಲ್ಲ. ನಿಮಗೆ ನೆನಪಿದೆಯಾ?"

ಕ್ವಾಲಿಟಿಯವರ ಮೊದಲ ಪಾಠ: ಸಾಕ್ಷಿ ಇಲ್ಲದೆ ನಡೆದ ಪರೀಕ್ಷೆ ನಡೆದೇ ಇಲ್ಲ. ಇಲ್ಲಿ ಸಾಕ್ಷಿ ನಾನೊಬ್ಬನೇ. ಅದೂ ಭಾಷೆ ಬಾರದ, ಅವರು ಹಾಡುವಾಗ ಎಷ್ಟೋ ಹೊತ್ತು ಮುಂದಿನ ಲಾರಿಯನ್ನು ನೋಡುತ್ತಿದ್ದ ಸಾಕ್ಷಿ. "ಇದೆ" ಎಂದೆ. ಬೇರೆ ಏನು ಹೇಳಲಿ?

ಮೊದಲು ಮಾಡಿದ ಕೆಲಸವೇ ನನ್ನನ್ನು ಕೆಡಿಸಿತು. ಖಚಿತಪಡಿಸಿಕೊಳ್ಳೋಣ ಎಂದು ಇಂಟರ್‌ನೆಟ್ಟಿನಲ್ಲಿ ಆ ಹಾಡಿನ ಸಿಕ್ಕಸಿಕ್ಕ ಬಗೆಗಳನ್ನೆಲ್ಲ ಕೇಳಿದೆ. ದಕ್ಷಿಣದ್ದು, ಪೂರ್ವದ ಬೆಟ್ಟದ್ದು, ಮಕ್ಕಳ ಗಾಯನ, ಜಾಝ್. ಕಳ್ಳನನ್ನು ಗುರುತಿಸಲು ಹೋದವನಿಗೆ ಊರಿನ ಗಂಡಸರನ್ನೆಲ್ಲ ತೋರಿಸಿದರೆ ಏನಾಗುತ್ತದೋ ಅದೇ ಆಯಿತು. ಕಾರಿನೊಳಗಿನ ದನಿಯನ್ನು ಕರೆದರೆ ವಾದ್ಯವೃಂದ ಬಂದು ನಿಲ್ಲುತ್ತಿತ್ತು. ಉಳಿದಿದ್ದದ್ದು ನಡುವಿನ ಆ ನಿಲುಗಡೆ ಒಂದೇ. ಅದನ್ನು ಹಿಡಿದುಕೊಂಡು ಹಿಂದಕ್ಕೂ ಮುಂದಕ್ಕೂ ತಡವಿ ಏನೋ ಒಂದು ರಾಗ ಕಟ್ಟಿಕೊಂಡೆ, ರೂಮಿನಲ್ಲಿ ಗುನುಗತೊಡಗಿದೆ.

ನನ್ನ ರೂಮ್‌ಮೇಟ್ ಉಳ್ಳಾಲದ ಬ್ಯಾರಿ, ಎಲೆಕ್ಟ್ರಾ ಸ್ಟ್ರೀಟಿನ ಮೊಬೈಲ್ ಅಂಗಡಿಯಲ್ಲಿ ಸೇಲ್ಸ್‌ಮನ್. ಅಂಗಿಗೆ ಇಸ್ತ್ರಿ ಹಾಕುತ್ತಿದ್ದವ ತಲೆ ಎತ್ತಿದ.

"ಎಂತ ಮಾರಾಯ, ಮೂರು ದಿನದಿಂದ ಅದೇ ರಾಗ. ಖಲಾಸ್ ಮಾಡು ಒಮ್ಮೆ."

"ಕೊರಿಯದ ಹಾಡು."

"ಕೊರಿಯ? ಹೋಗಾ. ಇದು ನೇಜಿ ನೆಡುವಾಗ ಹಾಡುದಲ್ವಾ? ನಾನು ಸಣ್ಣದಿರುವಾಗ ನಮ್ಮ ಮನೆ ಹಿಂದಿನ ಗದ್ದೆಯಲ್ಲಿ ಹೆಂಗಸ್ರು ಹಾಡ್ತಿದ್ರು."

"ಸರಿಯಾಗಿ ಕೇಳು." ಮತ್ತೆ ಗುನುಗಿದೆ.

"ಅದೇ. ಆ ನಡುವೆ ನಿಲ್ಲಿಸುದುಂಟಲ್ಲ, ಅದು ಕೂಡ ಅದೇ. ನಿನ್ನ ಬುಜಾಂಗ್ ಎಂತ, ನಮ್ಮ ಊರಿನ ಹತ್ತಿರದ ತೊಕ್ಕೊಟ್ಟಿನವರಾ?"

ಅವನು ನಕ್ಕ. ನನಗೆ ನಗು ಬರಲಿಲ್ಲ. ಸಣ್ಣವನಿದ್ದಾಗ ನಾನೂ ಕಾಪುವಿನ ಕಡೆಯ ಗದ್ದೆಯೊಂದರ ಪುಣಿಯ, ಅಂದರೆ ಬದುವಿನ, ಮೇಲೆ ಕುಳಿತು ತುಳುವಿನ ನಾಟಿಹಾಡು ಕೇಳಿದವನೇ. ಬುಜಾಂಗ್‌ನಿಮ್ ಗದ್ದೆ ಎಂದ ಕೂಡಲೇ ನನ್ನ ತಲೆ ಅವರ ಹಾಡನ್ನು ಬದಿಗಿಟ್ಟು ನಮ್ಮದನ್ನು ಕೂರಿಸಿತೋ? ಅಥವಾ ಸೊಂಟ ಬಗ್ಗಿಸಿ ಸಸಿ ನೆಡುವವರೆಲ್ಲ ಉಸಿರು ಹಿಡಿಯುವುದು ಒಂದೇ ಕಡೆಯೋ? ಯಾರನ್ನು ಕೇಳುವುದು? ಸರಿಯುತ್ತರ ಗೊತ್ತಿದ್ದವರಿಗೆ ಮಾತಿಲ್ಲ.

ಮಗಳಿಗೆ ಎಲ್ಲ ಬಿಡಿಸಿ ಹೇಳಿದೆ. ಇದು ನಿಮ್ಮ ಅಜ್ಜಿಯದ್ದೇ ಎನ್ನಲಾರೆ, ನಮ್ಮೂರಿನ ಹೆಂಗಸರದ್ದೂ ಇರಬಹುದು ಎಂದೆ. ಅವಳು ಕೇಳಿಸಿಕೊಂಡಳು. "ಪರವಾಗಿಲ್ಲ, ಹಾಡಿ," ಎಂದಳು.

ಮೊದಲು ವಾಟ್ಸ್ಯಾಪಿನಲ್ಲಿ ದನಿ ಕಳಿಸಿದೆ. ರೆಕಾರ್ಡು ಮಾಡಿದ ಯಾವ ಹಾಡನ್ನೂ ಅವರು ಕೇಳುತ್ತಿರಲಿಲ್ಲ, ಇದಕ್ಕೂ ಮುಖ ತಿರುಗಿಸಿದರು. ವಾಟ್ಸ್ಯಾಪ್ ಕರೆಗೆ ಅಬುಧಾಬಿಯಲ್ಲಿ ಅನುಮತಿ ಇಲ್ಲ. ಹಾಗಾಗಿ ಶುಕ್ರವಾರ ಮಧ್ಯಾಹ್ನ, ಅಲ್ಲಿ ಸಂಜೆ, ಅವಳೇ ಮಾಮೂಲಿ ಫೋನಿನಲ್ಲಿ ಕರೆ ಮಾಡಿ ಅದನ್ನು ಅಪ್ಪನ ಕಿವಿಗೆ ಒತ್ತಿ ಹಿಡಿದಳು. ನನ್ನ ದನಿ ಅವರಿಗೆ ಮಾತ್ರ, ಅವರ ಉಸಿರು ನನಗೆ. ರೂಮಿನ ಬಾಗಿಲು ಹಾಕಿಕೊಂಡು ಹಾಡಿದೆ. ಶಬ್ದಗಳಿಲ್ಲದೆ, ರಾಗ ಮಾತ್ರ.

ಮುಗಿಸಿದಾಗ ಆ ಕಡೆ ಗಂಟಲು ಕೆರೆದ ಸದ್ದು. ಆಮೇಲೆ, ದಪ್ಪಗೆ, ಎಡವುತ್ತಾ, ಒಂದು ಶಬ್ದ: "ಅನಿ."

ನನಗೆ ಗೊತ್ತಿದ್ದ ಕೊರಿಯನ್ ಶಬ್ದಗಳು ಕೆಲವೇ. ಡ್ರಾಯಿಂಗ್ ಹಿಡಿದುಕೊಂಡು ಹೋದಾಗಲೆಲ್ಲ ಕೇಳಿದ ಕಾರಣ ಇದು ಗೊತ್ತಿತ್ತು. ಅಲ್ಲ, ಎಂದರ್ಥ.

ಮಗಳು ಫೋನು ಕಿತ್ತುಕೊಂಡು ಅಳುತ್ತಿದ್ದಳು, ನಗುತ್ತಿದ್ದಳು. "ಮಾತಾಡಿದರು! ಮತ್ತೆ ಹಾಡಿ, ಮತ್ತೆ ಹಾಡಿ." ಹಾಡಿದೆ. "ಅನಿ." ಸ್ವಲ್ಪ ಎಳೆದು ಹಾಡಿದೆ. "ಅನಿ." ಆ ಮನೆಯಲ್ಲಿ ಅವತ್ತು ಹಬ್ಬ. ನಾನು ಹಾಸಿಗೆಯ ಅಂಚಿನಲ್ಲಿ ಬೆವರುತ್ತಾ ಕುಳಿತಿದ್ದೆ.

ಹಾಗೆ ಎಷ್ಟೋ ಶುಕ್ರವಾರಗಳು ಹೋದವು. ರಾಗದ ತುದಿ ಎತ್ತಿದೆ, ಇಳಿಸಿದೆ, ನಮ್ಮ ನಾಟಿಹಾಡನ್ನೇ ಬೇಕೆಂದು ಹಾಡಿದೆ, ಅದನ್ನು ಬೇಕೆಂದು ಬಿಟ್ಟು ಹಾಡಿದೆ. ಪ್ರತಿ ಸಲ ಅದೇ ಉತ್ತರ. ಬೇರೆ ಶಬ್ದ ಬರಲಿಲ್ಲ. ಒಂದು ಶಬ್ದ ಬಂದರೆ ಅದರ ಹಿಂದೆ ಇನ್ನೊಂದು ಬರುತ್ತದೆ ಎಂದು ಚಿಕಿತ್ಸಕಿ ಹೇಳಿದ್ದಳು. ಬುಜಾಂಗ್‌ನಿಮ್ ನೀರು ಬೇಕೆಂದು ಹೇಳಲಾರದವರಾಗಿದ್ದರು, ಮಗಳ ಹೆಸರು ಹೇಳಲಾರದವರಾಗಿದ್ದರು. ಅವರಿಂದ ಸಾಧ್ಯವಿದ್ದದ್ದು ನನ್ನನ್ನು ತಿದ್ದುವುದು ಮಾತ್ರ. ಸರಿ ಯಾವುದೆಂದು ತೋರಿಸಲಾರದೆ ತಿದ್ದುವುದು. ಫೋನಿನಲ್ಲಿ ಅವರ ಉಸಿರು ಬಿರುಸಾಗುವುದು ನನಗೆ ಕೇಳುತ್ತಿತ್ತು. ಮಗಳಿಗೆ ಅದು ಉತ್ಸಾಹ. ನನಗೆ ಸಿಟ್ಟು ಎನಿಸುತ್ತಿತ್ತು.

"ಸಾಕು ಮಾಡುವ," ಎಂದು ಒಮ್ಮೆ ಅವಳಿಗೆ ಹೇಳಿದೆ. "ಅವರಿಗೆ ಹಿಂಸೆ ಆಗುತ್ತಿದೆ."

"ದಯವಿಟ್ಟು," ಎಂದಳು. "ವಾರದಲ್ಲಿ ಅಪ್ಪನ ದನಿ ಕೇಳುವುದು ಇದೊಂದು ಸಲ."

ಹಾಗಾಗಿ ಹಾಡಿದೆ.

ಕೊನೆಕೊನೆಗೆ ಯೋಚಿಸುವುದನ್ನೇ ಬಿಟ್ಟಿದ್ದೆ. ಒಂದು ಶುಕ್ರವಾರ ಜ್ವರದಿಂದ ಮಲಗಿದ್ದೆ, ಫೋನು ಬಂತು, ಕಣ್ಣು ಮುಚ್ಚಿ ಬಾಯಿಗೆ ಬಂದ ಹಾಗೆ ಗುನುಗಿ ಮುಗಿಸಿದೆ. ಉತ್ತರಕ್ಕೆ ಕಾದೆ. ಉತ್ತರ ಇಲ್ಲ. ಉಸಿರು ಕೇಳುತ್ತಿತ್ತು, ನಿಧಾನಕ್ಕೆ. ಇನ್ನೂ ಕಾದೆ. ಕೊನೆಗೆ ಮಗಳು ಫೋನು ತೆಗೆದುಕೊಂಡಳು.

"ಇವತ್ತು ಹಾಡಲಿಲ್ಲವಾ?"

"ಹಾಡಿದೆ. ನಿದ್ದೆ ಮಾಡಿದರಾ?"

"ಇಲ್ಲ, ಎಚ್ಚರ ಇದ್ದಾರೆ. ಫೋನನ್ನೇ ನೋಡುತ್ತಿದ್ದಾರೆ."

ನಾನು ಎದ್ದು ಕುಳಿತೆ. ಸರಿಯಾಗಿ ಹಾಡಿದ್ದೆನೋ, ಅಥವಾ ಉಳಿದಿದ್ದ ಆ ಒಂದು ಶಬ್ದವೂ ಹೋಯಿತೋ. "ಮತ್ತೆ ಕಿವಿಗೆ ಹಿಡಿಯಿರಿ," ಎಂದೆ. ಹಿಡಿದಳು. ನಾನು ಬಾಯಿ ತೆರೆದೆ. ಈಗಷ್ಟೇ ಹೇಗೆ ಹಾಡಿದೆನೆಂದು ನೆನಪಾಗಲಿಲ್ಲ.