ಎಡ್ಮೆ ವುಮಾರ್ ಕೂರಿಸಿದ ಸ್ಪ್ರಿಂಗು

ನಮ್ಮ ಜೂರಾ ಬೆಟ್ಟಗಳ ಕಣಿವೆಯಲ್ಲಿ ವಯಸ್ಸಾದ ಯಾರನ್ನಾದರೂ "ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿ ನೋಡಿ. ಗಡಿಯಾರ ಮಾಡುತ್ತಿದ್ದೆ ಎಂದು ಯಾರೂ ಹೇಳುವುದಿಲ್ಲ. ಒಬ್ಬರು "ಚಕ್ರದ ಹಲ್ಲು" ಎನ್ನುತ್ತಾರೆ, ಇನ್ನೊಬ್ಬರು "ನಿಮಿಷದ ಮುಳ್ಳು" ಎನ್ನುತ್ತಾರೆ. ಕಾರ್ಖಾನೆ ನಡೆಯುತ್ತಿದ್ದಷ್ಟು ಕಾಲ ಒಬ್ಬೊಬ್ಬರಿಗೆ ಒಂದೊಂದು ತುಂಡು, ಕೊನೆಯವರೆಗೂ ಅದೇ ತುಂಡು. ಇಡೀ ಗಡಿಯಾರವನ್ನು ಒಬ್ಬರೇ ಮಾಡಿದ ಗಂಡಸಾಗಲಿ ಹೆಂಗಸಾಗಲಿ ಈ ಊರಲ್ಲಿಲ್ಲ. ಲೋಕಕ್ಕೆಲ್ಲ ಗಂಟೆ ಹೇಳಿಕೊಟ್ಟವರು ನಾವೇ ಎಂಬ ಜಂಬ ಮಾತ್ರ ಎಲ್ಲರಿಗೂ ಇದೆ.

ಆ ಜಂಬದಲ್ಲಿ ನನಗೆ ಪಾಲಿಲ್ಲ. ಕೆಲಸ ಕೇಳಿಕೊಂಡು ಹೋದಾಗ ಮೇಸ್ತ್ರಿ ನನ್ನ ಮುಖ ನೋಡಲಿಲ್ಲ, ಕೈ ನೋಡಿದ. "ಈ ಬೆರಳಿಗೆ ಹಸುವೇ ಸರಿ ಕಣಪ್ಪ," ಎಂದ. ನಾನು ಚೀಸ್ ಮಾಡುವವನಾದೆ. ನನ್ನ ಹೆಂಡತಿಯ ಪ್ರಕಾರ ಆ ಮೇಸ್ತ್ರಿ ಗಡಿಯಾರದ ಉದ್ಯಮಕ್ಕೆ ಮಾಡಿದ ಅತಿ ದೊಡ್ಡ ಉಪಕಾರ ಅದೇ.

ಪಕ್ಕದ ಮನೆಯಾಕೆ ಎಡ್ಮೆ ವುಮಾರ್ ಅವರ ತುಂಡು ಎಲ್ಲಕ್ಕಿಂತ ಸಣ್ಣದು. ಕೂದಲಿಗಿಂತ ತೆಳ್ಳಗಿನ ಲೋಹದ ಸುರುಳಿ, ಅಂದರೆ ಹೇರ್‌ಸ್ಪ್ರಿಂಗು. ಅದು ಎದೆಯಂತೆ ಹಿಗ್ಗಿ ಕುಗ್ಗುತ್ತಿದ್ದರೆ ಗಡಿಯಾರಕ್ಕೆ ಜೀವ. ಅದನ್ನು ಅಳತೆಗೆ ಕತ್ತರಿಸಿ, ಬಾಗಿಸಿ, ಆಚೀಚೆ ತೂಗುವ ಬ್ಯಾಲೆನ್ಸ್ ಚಕ್ರಕ್ಕೆ ಕೂರಿಸುವುದು ಅವರ ಕೆಲಸ. ಶಾಲೆ ಬಿಟ್ಟ ವರ್ಷ ಕಿಟಕಿಯ ಪಕ್ಕದ ಮೇಜಿಗೆ ಕೂತವರು ಕಾರ್ಖಾನೆ ಮುಚ್ಚುವವರೆಗೂ ಏಳಲಿಲ್ಲ. ಕೈ ನಡುಗುತ್ತದೆಂದು ಮಧ್ಯಾಹ್ನದವರೆಗೆ ಕಾಫಿ ಮುಟ್ಟುತ್ತಿರಲಿಲ್ಲ; ಈಗಲೂ ಮುಟ್ಟುವುದಿಲ್ಲ. ಸೀನು ಬರುವವರನ್ನು ಕಂಡರೆ ಈಗಲೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಮದುವೆಯಾಗಲಿಲ್ಲ. ಚಕ್ರದ ಹಲ್ಲು ಕತ್ತರಿಸುತ್ತಿದ್ದ ವಿಲ್ಲಿ ಮೇರಾ ಒಮ್ಮೆ ಕೇಳಿದ್ದನಂತೆ. "ನೀನು ತುಂಬಾ ಜೋರಾಗಿ ಉಸಿರಾಡ್ತೀಯ," ಎಂದುಬಿಟ್ಟರಂತೆ.

ಮುಚ್ಚುವಾಗ ಕಾರ್ಖಾನೆಯವರು ಕೊನೆಯ ಕಂತಿನ ಕೈಗಡಿಯಾರಗಳನ್ನು ಕೆಲಸಗಾರರಿಗೆ ಒಂದೊಂದು ಕೊಟ್ಟರು. ವಿಲ್ಲಿಯದು ಕೆರೆಯ ಪಾಲಾಯಿತು. ಉಳಿದವರಲ್ಲಿ ಕೆಲವರು ಮಾರಿದರು, ಕೆಲವರು ಕಳೆದುಕೊಂಡರು. ಎಡ್ಮೆ ಮಾತ್ರ ಅಂದೇ ಸಂಜೆ ತಮ್ಮದನ್ನು ಬಿಚ್ಚಿ, ಬೇರೆ ಯಾರೋ ಕೂರಿಸಿದ್ದ ಸ್ಪ್ರಿಂಗನ್ನು ತೆಗೆದು, ತಮ್ಮ ಕೈಯದನ್ನು ಕೂರಿಸಿದರು. ಆಮೇಲೆ ಅದನ್ನು ಯಾರ ಕೈಗೂ ಕೊಡಲಿಲ್ಲ. ಸರ್ವೀಸಿನ ಮಾತೆತ್ತಿದರೆ, "ಯಾವನೋ ಬಂದು ನನ್ನ ಸುರುಳಿಗೆ ಕೈ ಹಾಕೋದು ಬೇಡ," ಎನ್ನುತ್ತಿದ್ದರು.

ಮೊನ್ನೆ ಚಳಿಗಾಲದಲ್ಲಿ ಅದು ನಿಂತಿತು. ಕೀ ಕೊಟ್ಟರು, ತುಂಬ ಕೊಟ್ಟರು. ಅಲ್ಲಾಡಿಸಿದರೆ ನಾಲ್ಕು ಸಲ ಟಿಕ್ ಎಂದು ಮತ್ತೆ ಮೌನ. ನಾನು ಬೀಲ್ ಪಟ್ಟಣಕ್ಕೆ ಚೀಸ್ ಕೊಡಲು ಹೊರಟಿದ್ದೆ. ಅವರೂ ಕೈಚೀಲ ಅಪ್ಪಿಕೊಂಡು ವ್ಯಾನು ಹತ್ತಿದರು.

ಅಲ್ಲಿ ಗಡಿಯಾರದ ಅಂಗಡಿಯ ಹುಡುಗಿ ಬಹಳ ವಿನಯವಂತೆ. "ಮದಾಮ್, ಇಷ್ಟು ಹಳೇದನ್ನ ರಿಪೇರಿ ಮಾಡಲ್ಲ ನಾವು. ಒಳಗಿನ ಯಂತ್ರ ಪೂರ್ತಿ ತೆಗೆದು ಹೊಸದು ಹಾಕ್ತೀವಿ. ಹೊಚ್ಚ ಹೊಸದರ ಹಾಗೆ ಆಗುತ್ತೆ."

"ಹಳೆಯ ಯಂತ್ರ?"

"ಅದು ವಾಪಸ್ ಬರಲ್ಲ ಮದಾಮ್."

ಎಡ್ಮೆ ಗಡಿಯಾರವನ್ನು ತಟ್ಟೆಯಿಂದ ಎತ್ತಿ ಚೀಲಕ್ಕೆ ಹಾಕಿಕೊಂಡರು. "ನಾನೇ ಹೊಸದರ ಹಾಗೆ ಆಗಲಿಲ್ಲ, ಇದಕ್ಕೆ ಯಾಕಮ್ಮಾ ಆ ಕಷ್ಟ," ಎಂದು ಹೊರಗೆ ಬಂದರು.

ವ್ಯಾನಿನಲ್ಲಿ ರಸ್ತೆ ನೋಡುತ್ತಲೇ, "ಕೆಟ್ಟಿರೋದು ನನ್ನ ಸ್ಪ್ರಿಂಗೇ ಆಗಿದ್ರೆ ಏನು ಮಾಡೋದು? ಆಗ ಆ ಅಂಗಡಿಗೇ ಕೊಡಬೇಕಾಗುತ್ತೆ," ಎಂದರು.

ಮನೆಗೆ ಬಂದು ಗಡಿಯಾರವನ್ನು ಗಾಜಿನ ಲೋಟ ಬೋರಲು ಹಾಕಿ ಅದರಡಿ ಇಟ್ಟರು. ಮರುದಿನ ಬೇಲಿಯಾಚೆಯಿಂದ ನನ್ನನ್ನು ಗಂಟೆ ಕೇಳಿದರು. ಎಡ್ಮೆ ವುಮಾರ್ ಒಬ್ಬ ಚೀಸಿನವನ ಹತ್ತಿರ ಗಂಟೆ ಕೇಳುವುದೆಂದರೆ ಪಾದ್ರಿ ನನ್ನ ಹತ್ತಿರ ಬೈಬಲ್ ಕೇಳಿದ ಹಾಗೆ. ನನಗೆ ತಡೆಯಲಾಗಲಿಲ್ಲ. ಕೆಫೆಯಲ್ಲಿ ವಿಲ್ಲಿಯ ಕಿವಿಗೆ ಹಾಕಿದೆ.

ಶನಿವಾರ ಮಧ್ಯಾಹ್ನ ಮೂವರು ಅವರ ಅಡುಗೆಮನೆಗೆ ಬಂದರು: ವಿಲ್ಲಿ, ಚಕ್ರಗಳು ಕೂರುವ ಕೆಂಪು ಕಲ್ಲುಗಳನ್ನು ಕೂರಿಸುತ್ತಿದ್ದ ಗಿಲೆನ್ ತಿಯೇಶ್, ಎಲ್ಲ ತುಂಡು ಸೇರಿಸುತ್ತಿದ್ದ ರೋಜೆ. ರೋಜೆಯ ಕೈ ಈಗ ನಡುಗುತ್ತದೆ. ಅವನು ಹೇಳುವುದು, ಗಿಲೆನ್ ಬಿಚ್ಚುವುದು ಎಂದಾಯಿತು. ನನಗೆ ದೀಪ ಹಿಡಿಯುವ ಕೆಲಸ. ಮೇಜು ಮುಟ್ಟಕೂಡದೆಂಬ ಷರತ್ತು.

"ಎಡಕ್ಕೆ, ಎಡಕ್ಕೆ," ಎಂದ ರೋಜೆ.

"ಬಾಯಿ ಮುಚ್ಚು, ನನ್ನ ಕೈ ನಡುಗಿಸ್ತೀಯ," ಎಂದಳು ಗಿಲೆನ್.

ಇಲ್ಲಿ ಕಾರ್ಖಾನೆಯ ಒಂದು ಪದ್ಧತಿ ಹೇಳಬೇಕು. ಕೆಟ್ಟು ವಾಪಸಾದ ಗಡಿಯಾರ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಯಾರ ತುಂಡು ಕೆಟ್ಟಿದೆಯೋ ಅವರು ಶುಕ್ರವಾರ ಎಲ್ಲರಿಗೂ ವೈನ್ ಕುಡಿಸಬೇಕು. ಹಾಗಾಗಿ ಪ್ರತಿಯೊಬ್ಬರೂ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ನೋಡಿ, "ನನ್ನದಲ್ಲ," ಎಂದು ಮುಂದಕ್ಕೆ ತಳ್ಳುತ್ತಿದ್ದರು. ವಿಲ್ಲಿ ನೋಡದೆಯೇ ತಳ್ಳುತ್ತಿದ್ದನಂತೆ.

ಬ್ಯಾಲೆನ್ಸ್ ಚಕ್ರ ಹೊರಬಂತು, ಜೊತೆಗೆ ಆ ಸುರುಳಿಯೂ. ಎಡ್ಮೆ ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು. ಅವರ ಬೆನ್ನನ್ನು ಎಲ್ಲರೂ ನೋಡಿದರು. ಸ್ಪ್ರಿಂಗನ್ನು ಯಾರೂ ನೋಡಲಿಲ್ಲ.

ವಿಲ್ಲಿ ಕೆಮ್ಮಿದ. "ನನ್ನ ಹಲ್ಲೇ ಕಣೆ ಇದು. ಸವೆದು ಹೋಗಿದೆ. ವೈನ್ ನನ್ನದು."

"ನಿನ್ನದೆಲ್ಲಿ ಬಂತು?" ಎಂದಳು ಗಿಲೆನ್. "ನನ್ನ ಕಲ್ಲು ಬಿರುಕು ಬಿಟ್ಟಿದೆ. ವೈನ್ ನಾನು ಕೊಡ್ತೀನಿ."

"ಜೋಡಿಸಿದವನು ನಾನು. ಒಂದು ಸ್ಕ್ರೂ ಬಿಗಿ ಮಾಡಿರಲಿಲ್ಲ," ಎಂದ ರೋಜೆ.

ನನಗೂ ಸುಮ್ಮನಿರಲಾಗಲಿಲ್ಲ. "ನನ್ನ ವ್ಯಾನು ತುಂಬಾ ಕುಲುಕುತ್ತೆ ಮದಾಮ್ ವುಮಾರ್. ಅದರಿಂದಲೇ ಇರಬೇಕು."

"ನಿಂತ ಮೇಲೆ ಅಲ್ವೇನಯ್ಯಾ ನಾನು ವ್ಯಾನು ಹತ್ತಿದ್ದು?" ಎನ್ನುತ್ತ ಎಡ್ಮೆ ತಿರುಗಿದರು. "ಆಗೆಲ್ಲ ಒಬ್ಬರೂ ಒಪ್ಪಿಕೊಳ್ತಿರಲಿಲ್ಲ. ಈಗ ನಾಲ್ಕು ಜನ ಜಗಳ ಆಡ್ತಿದ್ದೀರ. ಸರೀರಿ ಆಚೆ."

ಭೂತಗನ್ನಡಿ ಸಿಕ್ಕಿಸಿ ಕೂತರು. ಮೊದಲು ಹಲ್ಲು ನೋಡಿದರು, ಆಮೇಲೆ ಒಂದೊಂದೇ ಕಲ್ಲು. ಕೊನೆಗೆ ತಮ್ಮ ಸುರುಳಿಯನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ನಾನು ಉಸಿರು ಹಿಡಿದೆ. ವಿಲ್ಲಿ ಕೂಡ ಹಿಡಿದ.

"ನೆಟ್ಟಗಿದೆ," ಎಂದರು, ಸಣ್ಣ ದನಿಯಲ್ಲಿ. "ಹಲ್ಲೂ ಸವೆದಿಲ್ಲ, ಕಲ್ಲೂ ಬಿರಿದಿಲ್ಲ, ಸುಳ್ಳುಬುರುಕರಾ. ಎಣ್ಣೆ ಒಣಗಿ ಅಂಟಾಗಿದೆ, ಅಷ್ಟೆ. ಇಷ್ಟು ವರ್ಷ ಸರ್ವೀಸ್ ಮಾಡಿಸದೆ ಇಟ್ಟವಳು ನಾನು. ವೈನ್ ನನ್ನದು."

ಗಡಿಯಾರಗಾರರ ಊರಿನಲ್ಲಿ ಗಡಿಯಾರವೊಂದು ಎಣ್ಣೆಯಿಲ್ಲದೆ ಸಾಯುವುದರಲ್ಲಿತ್ತು. ಮದುವೆಮನೆಯಲ್ಲಿ ಅಡುಗೆಯವನೇ ಹಸಿದು ಬಿದ್ದ ಹಾಗೆ.

ಉಳಿದದ್ದು ಸಾವಧಾನದ ಕೆಲಸ. ಪ್ರತಿ ತುಂಡನ್ನೂ ಬೆಂಜೀನಿನಲ್ಲಿ ತೊಳೆದರು, ಒರೆಸಿದರು; ಸೂಜಿಯ ತುದಿಯಲ್ಲಿ ಕಾಣದಷ್ಟು ಎಣ್ಣೆ ಇಟ್ಟರು. ಸ್ಪ್ರಿಂಗನ್ನು ಮಾತ್ರ ಎಡ್ಮೆ ಯಾರಿಗೂ ಬಿಡಲಿಲ್ಲ. ಅವರು ಅದನ್ನು ಕೂರಿಸಿ ಕೈ ತೆಗೆದದ್ದೇ ತಡ, ಚಕ್ರ ತಾನಾಗಿ ತೂಗತೊಡಗಿತು. ಗಡಿಯಾರ ಕಿವಿಯಿಂದ ಕಿವಿಗೆ ಹೋಯಿತು. ರೋಜೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಿವಿಗೆ ಒತ್ತಿಕೊಂಡಿದ್ದ.

ಧನ್ಯವಾದ ಹೇಳುವ ಅಭ್ಯಾಸ ಎಡ್ಮೆಗಿಲ್ಲ. ವೈನ್ ಬಗ್ಗಿಸಿದರು, ಒಣ ಸಾಸೇಜು ಹೆಚ್ಚಿಟ್ಟರು. ಎಲ್ಲರೂ ಏಳುವಾಗ ಗಡಿಯಾರವನ್ನು ಗಿಲೆನ್ನಳ ಮಣಿಕಟ್ಟಿಗೆ ಕಟ್ಟಿದರು.

"ಇದೇನೇ?"

"ನನ್ನದು ಅಂದ್ಕೊಂಡು ಬಚ್ಚಿಟ್ಟಿದ್ದೆ. ಇದರಲ್ಲಿ ನಿಮ್ಮೆಲ್ಲರದ್ದೂ ಇದೆ. ಒಂದು ವಾರ ನೀನು ಕಟ್ಟು, ಆಮೇಲೆ ರೋಜೆ, ಆಮೇಲೆ ವಿಲ್ಲಿ. ವಿಲ್ಲಿ, ನೀನು ಕೆರೆ ಹತ್ತಿರ ಹೋಗಬೇಡ."

ನಾನು ದೀಪ ಆರಿಸಿ ಬಾಗಿಲ ಕಡೆ ಹೊರಟಿದ್ದೆ. "ನೀನೆಲ್ಲಿಗೆ ಹೊರಟೆ?" ಎಂದರು. "ವಿಲ್ಲಿ ಆದ ಮೇಲೆ ನಿಂದು."

"ಇದರಲ್ಲಿ ನನ್ನದೇನೂ ಇಲ್ವಲ್ಲ ಮದಾಮ್."

"ಅದಕ್ಕೇ ಸರಿಯಾಗಿ ಓಡ್ತಿದೆ. ಆದರೂ ಕಟ್ಕೋ."

ನನ್ನ ವಾರ ಈಗ ನಡೆಯುತ್ತಿದೆ. ಪಟ್ಟಿಯ ಕೊನೆಯ ತೂತಿಗೂ ನನ್ನ ಮಣಿಕಟ್ಟು ಹಿಡಿಸಲಿಲ್ಲ. ಹೆಂಡತಿ ದಾರ ಸೇರಿಸಿ ಕಟ್ಟಿಕೊಟ್ಟಿದ್ದಾಳೆ. ನೆಲಮಾಳಿಗೆಯಲ್ಲಿ ಚೀಸ್ ಬಿಲ್ಲೆಗಳನ್ನು ಮಗುಚುವಾಗ ಗಡಿಯಾರಕ್ಕೆ ಒದ್ದೆ ತಾಗದಂತೆ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಒಂದೇ ಕೈಯಲ್ಲಿ ಮಗುಚುತ್ತಿದ್ದೇನೆ. ಕೆಲಸ ನಿಧಾನ. ನಡುನಡುವೆ ನಿಲ್ಲಿಸಿ, ಕೈ ಒರೆಸಿಕೊಂಡು, ಅದನ್ನು ಕಿವಿಗೆ ಹಿಡಿಯುತ್ತೇನೆ.