ಗೇಟಿನ ಕಡೆ ಆರು, ಬೆಟ್ಟದ ಕಡೆ ಒಂಬತ್ತು

ನವೆಂಬರ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ಆಟ ಶುರುವಾದ ಹೊತ್ತನ್ನು ನನ್ನ ಒಂಬತ್ತನೇ ತರಗತಿಯ ಡೈರಿ ಹೀಗೆ ಹೇಳುತ್ತದೆ. ಆಗ ಉದಯಗಿರಿಯ ನಮ್ಮ ಶಾಲೆಯ ಅಂಗಳ ಇನ್ನೂ ಮಣ್ಣಿನದು. ಗಣಿತದ ಪಿರಿಯಡ್ಡಿನಲ್ಲಿ ಹೊರಗೆ ಬಿಟ್ಟರೆ ಸಾಕು, ಯಾವ ಪಾಠವಾದರೂ ಹಿಡಿಸುತ್ತಿದ್ದ ಕಾಲ.

ಲಲಿತಾ ಮಿಸ್ ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಮೂರು ದಿನ ಹೇಳಿದರೂ ನಿರ್ದೇಶಾಂಕ ನಮ್ಮ ತಲೆಗೆ ಹತ್ತಿರಲಿಲ್ಲ. ನಾಲ್ಕನೇ ದಿನ ಎಲ್ಲರನ್ನೂ ಬಾವುಟದ ಕಂಬದ ಬುಡಕ್ಕೆ ಕರೆದೊಯ್ದು, ಚಾಮುಂಡಿ ಬೆಟ್ಟಕ್ಕೆ ಮುಖ ಮಾಡಿಸಿ ನಿಲ್ಲಿಸಿದರು. ಕಂಬವೇ ಮೂಲಬಿಂದು, ಅಂದರೆ ಸೊನ್ನೆ. ಬಲಕ್ಕೆ, ಬಿಸಿಯೂಟದ ಅಡುಗೆಮನೆಯ ಕಡೆ, ಎಕ್ಸ್; ಎಡಕ್ಕೆ, ಗೇಟಿನ ಕಡೆ, ಮೈನಸ್ ಎಕ್ಸ್. ಬೆಟ್ಟದ ಕಡೆ ವೈ. ಯಾವಾಗಲೂ ಎಕ್ಸ್ ಮೊದಲು. ನಾವದನ್ನು ‘ಮೊದಲು ಸಾರು, ಆಮೇಲೆ ಬೆಟ್ಟ’ ಎಂದು ಬಾಯಿಪಾಠ ಮಾಡಿದೆವು. ಆ ಹೊತ್ತಿಗೇ ಸಾರಿಗೆ ಒಗ್ಗರಣೆ ಬೀಳುತ್ತಿತ್ತು, ಕಣ್ಣು ಮುಚ್ಚಿದರೂ ಬಲ ಯಾವುದೆಂದು ತಿಳಿಯುತ್ತಿತ್ತು.

ಒಂದು ಗುಂಪು ಹುಣಸೆ ಬೀಜ ಹುಗಿದು, ಜಾಗವನ್ನು ಎರಡು ಅಂಕಿಯಲ್ಲಿ ಚೀಟಿಗೆ ಬರೆಯಬೇಕು. ಇನ್ನೊಂದು ಗುಂಪು ಹುಡುಕಬೇಕು. ಸಿಕ್ಕರೆ ಅವರಿಗೆ ಪಾಯಿಂಟು, ಸಿಗದಿದ್ದರೆ ಹುಗಿದವರಿಗೆ. ಅಳತೆ ಎಲ್ಲರಿಗೂ ಒಂದೇ ಇರಬೇಕೆಂದು ಮಿಸ್ ಪವಿತ್ರಳ ಶೂ ಆರಿಸಿದರು. ಶಾಲೆಯಲ್ಲಿ ಕೊಟ್ಟ ಕಪ್ಪು ಶೂ, ಐದನೇ ನಂಬರು. ಹುಗಿಯುವವರು ಅವಳ ಒಂದು ಶೂ ಇಸಿದುಕೊಂಡು ಅಳೆಯಬೇಕು. ಹುಡುಕುವಾಗ ಪಾದಕ್ಕೆ ಪಾದ ತಾಗಿಸಿ ಅವಳೇ ನಡೆಯಬೇಕು. ಕಡೇ ಬೆಂಚಿನಲ್ಲಿ ಮಾತಿಲ್ಲದೆ ಕೂರುತ್ತಿದ್ದ ಪವಿತ್ರ ಒಂದೇ ವಾರದಲ್ಲಿ ಎಲ್ಲರ ‘ಸ್ಕೇಲು’ ಆದಳು. ಆ ಹೆಸರು ಕೂಗಿದರೆ ಎರಡು ಜಡೆ ಹಾರಿಸಿಕೊಂಡು ಓಡಿ ಬರುತ್ತಿದ್ದಳು. ಪಾಯಿಂಟಿನ ಲೆಕ್ಕ ನನ್ನದು.

ನವೆಂಬರ್ ಇಪ್ಪತ್ತೊಂಬತ್ತು, ಶುಕ್ರವಾರ, ಹನ್ನೊಂದನೇ ಆಟ. ನಾನೇ ಹುಗಿದೆ, ನಾನೇ ಚೀಟಿ ಬರೆದೆ: ಮೂರು, ಐದು. ಪವಿತ್ರ ಸಾರಿನ ಕಡೆ ಮೂರು, ಬೆಟ್ಟದ ಕಡೆ ಐದು ನಡೆದು ನಿಂತಳು. ಎದುರು ಗುಂಪಿನ ಮಂಜ ಕೆದರಿದ. ಏನೂ ಇಲ್ಲ.

“ನಿನ್ ಕಾಲು ಬೆಳ್ದ್‌ಬುಟ್ಟದೆ ಕಣೇ, ಸ್ಕೇಲು,” ಎಂದ. ಎಲ್ಲರೂ ನಕ್ಕರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಎಲ್ಲರೂ ಒಳಗೆ ಓಡಿದ ಮೇಲೆ ಬೀಜ ತೆಗೆಯಲು ಹೋದಾಗ ಗೊತ್ತಾಯಿತು, ಹುಗಿದದ್ದು ಐದು, ಮೂರರಲ್ಲಿ. ಬೆಟ್ಟವನ್ನು ಮೊದಲು ಬರೆದಿದ್ದೆ. ಲೆಕ್ಕ ಬರೆಯುವವಳೇ ತಪ್ಪಿದೆನೆಂದು ಹೇಳಲು ನಾಚಿಕೆ. ಬೀಜ ಜೇಬಿಗೆ ಹಾಕಿಕೊಂಡು, ಪಾಯಿಂಟನ್ನು ನಮ್ಮ ಗುಂಪಿಗೇ ಬರೆದೆ.

ಮರುದಿನ ಪವಿತ್ರ ಹವಾಯಿ ಚಪ್ಪಲಿಯಲ್ಲಿ ಬಂದಳು.

“ನನ್ ಕಾಲು ಸರಿಯಿಲ್ಲ ಮಿಸ್, ಬೇರೆಯವ್ರು ನಡೀಲಿ,” ಎಂದು ಕಡೇ ಬೆಂಚಿಗೆ ಹೋಗಿ ಕುಳಿತಳು.

ಉಳಿದ ಮೂರು ಆಟ ಮರದ ಸ್ಕೇಲಿನಲ್ಲಿ ನಡೆದವು. ಮೊತ್ತ: ನಾವು ಎಂಟು, ಅವರು ಆರು.

ಡಿಸೆಂಬರ್ ಆರರಂದು ಮಿಸ್ ಬಿಸ್ಕತ್ತಿನ ಡಬ್ಬಿ ತಂದರು. ತರಗತಿಯ ಯಾರಿಗಾದರೂ ಹೇಳದೆ ಉಳಿದ ಮಾತಿದ್ದರೆ ಬರೆದು ಹಾಕಿ, ಪರೀಕ್ಷೆ ಮುಗಿದ ದಿನ ಅಗೆದು ಓದೋಣ ಎಂದರು. ನಾನು ಬರೆದೆ: ಪವಿತ್ರ, ಅವತ್ತು ತಪ್ಪಿದ್ದು ನಿನ್ನ ಪಾದ ಅಲ್ಲ, ನನ್ನ ಚೀಟಿ. ಮಿಸ್ ಅವಳನ್ನು ಪುಸಲಾಯಿಸಿ ಶೂ ಹಾಕಿಸಿದ್ದರು. ತುಟಿಯಲ್ಲೇ ಎಣಿಸುತ್ತಾ ನಡೆದಳು. ಗೇಟಿನ ಕಡೆ ಆರು, ಬೆಟ್ಟದ ಕಡೆ ಒಂಬತ್ತು. ಅಲ್ಲಿ ಡಬ್ಬಿ ಹುಗಿದೆವು.

ನನ್ನ ಡೈರಿಯನ್ನು ಮಿಸ್ ಇಣುಕಿ ನೋಡಿದರು. “ಕಂಬ ಎಲ್ಲಿದೆ ಅಂತ್ಲೂ ಬರ್ಕೊ. ಮೂಲಬಿಂದು ಮರ್ತ್ರೆ ಮಿಕ್ಕಿದ್ದೆಲ್ಲ ಬರೀ ಅಂಕಿ ಕಣಮ್ಮ.”

ಕಂಬ ಎಲ್ಲಿಗೆ ಹೋದೀತು ಎಂದುಕೊಂಡು ನಾನು ಬರೆಯಲಿಲ್ಲ.

ಆ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಪರೀಕ್ಷೆಯೇ ನಡೆಯಲಿಲ್ಲ. ಶಾಲೆ ಮತ್ತೆ ತೆರೆದಾಗ ಪವಿತ್ರ ಇರಲಿಲ್ಲ. ಗಾರೆ ಕೆಲಸದ ಅವಳಪ್ಪ ಎಲ್ಲರನ್ನೂ ಕರೆದುಕೊಂಡು ಊರಿಗೆ ಹೋದರಂತೆ. ಯಾವ ಊರೆಂದು ನಾನು ಕೇಳಿಯೇ ಇರಲಿಲ್ಲ. ಮಿಸ್‌ಗೂ ವರ್ಗವಾಗಿತ್ತು.

ಹೋದ ಶನಿವಾರ ಶಾಲೆಗೆ ಹೋಗಿದ್ದೆ. ಅಂಗಳಕ್ಕೆಲ್ಲ ಟೈಲ್ಸ್ ಹಾಸಿದ್ದಾರೆ. ಕಂಬ ಬೇರೆ ಕಡೆ, ಹೊಸ ಕಟ್ಟೆಯ ಮೇಲಿದೆ. ಜಾಗ ಸರಿಯಾಗಿ ತೋರಿಸಿದರೆ ನಾಲ್ಕು ಟೈಲ್ಸ್ ಎತ್ತಿಸುತ್ತೇನೆ ಎಂದು ಹೆಡ್‌ಮಾಸ್ಟರು ಹೇಳಿದರು. ಜೊತೆಗೆ ಬಂದಿದ್ದ ಮಂಜ ಹಳೇ ಕಂಬ ಇಲ್ಲಿತ್ತು ಎಂದ, ನಾನು ಅಲ್ಲಿತ್ತು ಎಂದೆ. ನಡುವೆ ಇಪ್ಪತ್ತು ಪಾದ. ಮೈನಸ್ ಆರು, ಒಂಬತ್ತು, ಐದನೇ ನಂಬರು ಶೂ, ಎಲ್ಲವೂ ಡೈರಿಯಲ್ಲಿದೆ. ಬೆಟ್ಟವೂ ಅಲ್ಲೇ ಇದೆ. ಸೊನ್ನೆ ಮಾತ್ರ ಇಲ್ಲ.

ಹಳೇ ಕಂಬ ಎಲ್ಲಿತ್ತೆಂದು ಬಲ್ಲವರು ದಯವಿಟ್ಟು ಬರೆಯಿರಿ. ಪವಿತ್ರ ಎಲ್ಲಿದ್ದಾಳೆಂದು ಬಲ್ಲವರು ಅದಕ್ಕೂ ಮೊದಲು ಬರೆಯಿರಿ. ಡೈರಿಯಲ್ಲಿ ಎಂಟು, ಆರನ್ನು ಹೊಡೆದುಹಾಕಿ ಏಳು, ಏಳು ಎಂದು ತಿದ್ದಿದ್ದೇನೆ. ಅವಳಿಗೆ ತೋರಿಸಬೇಕು.