ಪೆಟ್ಟಿಗೆಗೆ ಐದು ಜನ

ಅವನು ದಿನಕ್ಕೆ ಎಂಟುನೂರು ಅಂಗಿ ಮಡಿಸುತ್ತಿದ್ದ. ಸಿದ್ಧ ಉಡುಪಿನ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ, ಉದ್ದನೆಯ ಮೇಜಿನ ಮುಂದೆ ಹದಿನಾಲ್ಕು ವರ್ಷದಿಂದ ನಿಂತವನು. ಅಂಗಿಯನ್ನು ಬೋರಲಾಗಿ ಹಾಸಿ, ತೋಳೆರಡನ್ನೂ ಬೆನ್ನ ಮೇಲಕ್ಕೆ ತಂದು, ಅಂಗೈಯಿಂದ ಒಮ್ಮೆ ಒತ್ತಿ ಗಾಳಿ ತೆಗೆದು, ಮೂರು ಮಡಿಕೆ ಹಾಕಿ ತಿರುಗಿಸಿದರೆ ಕಾಲರು ನೆಟ್ಟಗೆ ಮೇಲೆ ನೋಡುತ್ತಿರಬೇಕು. ಇಷ್ಟಕ್ಕೆ ಅವನಿಗೆ ಅರ್ಧ ನಿಮಿಷವೂ ಬೇಡ. ಹೊಸಬರು ಯಾರೇ ಸೇರಿದರೂ ಮೇಲ್ವಿಚಾರಕರು ಮೊದಲ ವಾರ ಅವರನ್ನು ಇವನ ಪಕ್ಕದಲ್ಲೇ ನಿಲ್ಲಿಸುತ್ತಿದ್ದರು. ಅಲ್ಲಿ ಎಲ್ಲರಿಗೂ ಅವನು ಮಡಿಕೆಯಣ್ಣ.

ಈ ಮಡಿಕೆಯಣ್ಣ ಮನೆಗೆ ಬಂದರೆ ಮುಖ ಒರೆಸಿದ ಟವೆಲನ್ನೂ ಮಡಿಸುತ್ತಿರಲಿಲ್ಲ. ಕುರ್ಚಿಯ ಮೇಲೆ ಎಸೆಯುತ್ತಿದ್ದ. ಅದು ಕುರ್ಚಿ ಎಂಬುದನ್ನೂ ಹಳಬರಷ್ಟೇ ಬಲ್ಲರು. ಅದರ ಮೇಲೆ ಒಗೆದ ಬಟ್ಟೆ, ಒಗೆಯಬೇಕಾದ ಬಟ್ಟೆ, ಇನ್ನೊಂದು ಸಲ ಹಾಕಬಹುದು ಎಂದು ಬಿಟ್ಟ ಬಟ್ಟೆ ಎಲ್ಲವೂ ಸೇರಿ ಎದೆಯೆತ್ತರಕ್ಕೆ ಬೆಳೆದಿದ್ದವು. ಬೀರುವಿನ ಬಾಗಿಲನ್ನು ಭುಜ ಕೊಟ್ಟು ಮುಚ್ಚಬೇಕಿತ್ತು. ಅದರಲ್ಲಿ ಹಿಡಿಸದ್ದು ಕಿಟಕಿ ಪಕ್ಕದ ಮೂಲೆಯಲ್ಲಿ ಒಂದರ ಮೇಲೊಂದು ಕೂತಿದ್ದ ಎರಡು ಕಬ್ಬಿಣದ ಟ್ರಂಕುಗಳಲ್ಲಿ, ಅಲ್ಲಿಯೂ ಹಿಡಿಸದ್ದು ಟ್ರಂಕಿನ ಮೇಲಿನ ಗಂಟುಗಳಲ್ಲಿ. ಇದ್ದದ್ದು ಒಂದು ಕೋಣೆ, ಒಂದು ನಡುಮನೆ, ಒಂದು ಅಡುಗೆಮನೆ. ಇದ್ದವರು ಐದು ಜನ: ಅವನು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಅತ್ತೆ.

ಬುಧವಾರ ಸಂಜೆ ಅವನು ಕೆಲಸದಿಂದ ಬಂದಾಗ ಹೆಂಡತಿ ಆ ಮೂಲೆಯ ಮುಂದೆ ಕೈಯಲ್ಲಿ ಅಳತೆಯ ಟೇಪು ಹಿಡಿದು ನಿಂತಿದ್ದಳು. ಹಿಂದಿನ ಬೀದಿಯ ಟೈಲರಮ್ಮ ಅಂಗಡಿ ಮುಚ್ಚಿ ತಮ್ಮನ ಊರಿಗೆ ಹೊರಟಿದ್ದರು. ಕಾಲಲ್ಲಿ ತುಳಿಯುವ ತಮ್ಮ ಹಳೆಯ ಹೊಲಿಗೆ ಮಿಷನ್ನನ್ನು ಇವಳಿಗೇ ಕೊಡುತ್ತೇನೆ ಎಂದಿದ್ದರು. ಅಂಚು ಹೊಲಿಯಲು, ಗುಂಡಿ ಹಾಕಲು ಎಷ್ಟೋ ದಿನ ಬಿಡಿಗಾಸೂ ಕೇಳದೆ ಕೂತವಳು ಎಂಬ ಪ್ರೀತಿ ಅವರಿಗೆ. ಆದರೆ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಸಾಮಾನಿನ ಲಾರಿ ಬರುತ್ತದೆ, ಅಷ್ಟರೊಳಗೆ ಮಿಷನ್ನು ಅಂಗಡಿಯಿಂದ ಹೊರಡಬೇಕು; ಇಲ್ಲವಾದರೆ ಎದುರು ಸಾಲಿನವರು ಕೇಳಿಟ್ಟಿದ್ದಾರೆ.

ಹೆಂಡತಿಗೆ ಆ ಮಿಷನ್ನು ಎಂದರೆ ಏನು ಎಂಬುದು ಅವನಿಗೆ ಗೊತ್ತಿತ್ತು. ಅವರಿಬ್ಬರೂ ಪರಿಚಯವಾದದ್ದೇ ಕಾರ್ಖಾನೆಯಲ್ಲಿ. ಅವಳು ಅಲ್ಲಿ ಹನ್ನೊಂದು ವರ್ಷ ಹೊಲಿದಳು, ಹೊಲಿದದ್ದೆಲ್ಲ ಕಾಲರು. ತೋಳು ಹೊಲಿಯುವವರು ಬೇರೆ, ಬೆನ್ನು ಜೋಡಿಸುವವರು ಬೇರೆ. ಲಕ್ಷಗಟ್ಟಲೆ ಅಂಗಿಗೆ ಕೈ ಹಚ್ಚಿದವಳು ಒಂದು ಇಡೀ ಅಂಗಿಯನ್ನು ತಾನೇ ಹೊಲಿದಿರಲಿಲ್ಲ. ಚಿಕ್ಕವಳು ಹುಟ್ಟಿದಾಗ ಕೆಲಸ ಬಿಟ್ಟಳು, ಆ ಆಸೆ ಮಾತ್ರ ಬಿಟ್ಟಿರಲಿಲ್ಲ.

ಮೂರೂವರೆ ಅಡಿ ಉದ್ದ, ಎರಡಡಿ ಅಗಲ ಬೇಕು ಎಂದಳು. ಇಡೀ ಮನೆಯಲ್ಲಿ ಬೆಳಕು ಬೀಳುವ ಜಾಗ ಅದೊಂದೇ. ಅಳತೆ ಸರಿಯಾಗಿ ಬರುತ್ತದೆ, ಟ್ರಂಕು ಇಲ್ಲದಿದ್ದರೆ. ಟ್ರಂಕು ಎಲ್ಲಿಗೆ ಹೋಗಬೇಕು? ಅತ್ತೆಯ ಮಂಚದ ಕೆಳಗೆ ಅವು ತೂರುವುದಿಲ್ಲ, ಒಂದು ಗೇಣು ಎತ್ತರ ಜಾಸ್ತಿ. ಟೇಪು ಸುತ್ತುತ್ತಾ ಅವಳು, "ಹೋಗಲಿ ಬಿಡಿ. ಬೇಡ ಅಂತ ಹೇಳಿ ಬರ್ತೀನಿ" ಎಂದಳು. ಅವಳು ಜಗಳವಾಡಿದ್ದರೆ ಅವನು ಟಿವಿ ಮುಂದೆ ಕೂತುಬಿಡುತ್ತಿದ್ದನೇನೋ. ಅಷ್ಟು ಮೆತ್ತಗೆ ಹೇಳಿದ್ದು ಅವನಿಗೆ ತಡೆಯಲಾಗಲಿಲ್ಲ.

"ಶನಿವಾರ ನಂಗೆ ಅರ್ಧ ದಿನ. ಬಟ್ಟೆ ನನಗೆ ಬಿಟ್ಟುಬಿಡು" ಎಂದ.

ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಇದನ್ನು ಕೇಳಿ, ಅಳಿಯಂದಿರಿಗೆ ಜ್ವರ ಬಂದಿದೆಯೇ ನೋಡು ಎಂದು ಮೊಮ್ಮಗಳನ್ನು ಕಳಿಸಿದರು. ಚಿಕ್ಕವಳು ಬಂದು ನಿಜವಾಗಿಯೂ ಹಣೆ ಮುಟ್ಟಿ ನೋಡಿ ಹೋದಳು.

ಶನಿವಾರ ಹೆಂಗಸರೆಲ್ಲ ಟೈಲರಮ್ಮನಿಗೆ ಸಾಮಾನು ಕಟ್ಟಲು ಹೋದರು. ಅವನು ಕಾರ್ಖಾನೆಯಿಂದ ಮೂಲೆ ನುಗ್ಗಾದ ಏಳು ರಟ್ಟಿನ ಪೆಟ್ಟಿಗೆಗಳನ್ನು ಕೇಳಿ ತಂದಿದ್ದ. ಮಂಚವನ್ನೇ ಮೇಜು ಮಾಡಿಕೊಂಡು ಶುರು ಮಾಡಿದ. ಮೊದಲ ಹತ್ತು ಬಟ್ಟೆ ಬೇಸರದಲ್ಲಿ ಮಡಿಸಿದ. ಆಮೇಲೆ ಕೈ ತಾನಾಗಿ ಓಡತೊಡಗಿತು. ಫ್ರಾಕು, ಪ್ಯಾಂಟು, ಶಾಲೆಯ ಸಮವಸ್ತ್ರ, ಅತ್ತೆಯ ನಿಲುವಂಗಿ, ಯಾವುದು ಸಿಕ್ಕಿದರೂ ಒಂದೇ ಅಗಲ, ಒಂದೇ ಉದ್ದ. ಸ್ವೆಟರನ್ನು ಸುರುಳಿ ಸುತ್ತಿ ಅಂಚಿಗೆ ತುರುಕಿದ. ಕಾಲುಚೀಲವನ್ನು ಪ್ಯಾಂಟಿನ ಮಡಿಕೆಯ ಟೊಳ್ಳಿಗೆ ಸೇರಿಸಿದ. ತುಂಬಿದ ಪೆಟ್ಟಿಗೆಯ ಮೇಲೆ ಮಣೆ ಇಟ್ಟು ಅದರ ಮೇಲೆ ತಾನೇ ಕೂತು ಗಾಳಿ ಇಳಿಸಿ, ಟೇಪು ಎಳೆದು ಅಂಟಿಸಿದ. ನಾಲ್ಕು ಗಂಟೆಯೊಳಗೆ ಎರಡು ಟ್ರಂಕು, ಮೂರು ಗಂಟು, ಒಂದು ಕುರ್ಚಿ ಎಲ್ಲವೂ ಏಳು ಪೆಟ್ಟಿಗೆಗಳಾಗಿದ್ದವು. ಆರು ಮಂಚದ ಕೆಳಗೆ, ಒಂದು ಮಂಚದ ತಲೆಯ ಕಡೆ. ಸಣ್ಣ ಟ್ರಂಕನ್ನು ದೊಡ್ಡದರ ಹೊಟ್ಟೆಯೊಳಗೆ ಇಳಿಸಿ ಬೀರುವಿನ ತಲೆಗೇರಿಸಿದ.

ಮನೆಗೆ ಬಂದ ಹೆಂಡತಿ ಖಾಲಿ ಮೂಲೆಯಲ್ಲಿ ಹೋಗಿ ನಿಂತಳು. ಎರಡೂ ಕೈ ಚಾಚಿದಳು, ಏನೂ ತಗಲಲಿಲ್ಲ. ಆ ಸಂಜೆ ಅವನಿಗೆ ಕೇಳದೆಯೇ ಎರಡನೇ ಲೋಟ ಚಹಾ ಬಂತು. ಅತ್ತೆ ಕುರ್ಚಿಯ ಮೇಲೆ ಕೂತು, ಇದು ಇಷ್ಟು ಹಸಿರು ಬಣ್ಣದ್ದು ಅಂತ ಗೊತ್ತೇ ಇರಲಿಲ್ಲ ಎಂದರು.

ಮರುದಿನ ಬೆಳಗ್ಗೆ ಸ್ನಾನ ಮುಗಿಸಿದ ಚಿಕ್ಕವಳು ಹಳದಿ ಫ್ರಾಕು ಕೇಳಿದಳು. ಅವನು ಹೆಮ್ಮೆಯಿಂದ ಒಂದು ಪೆಟ್ಟಿಗೆ ಎಳೆದು ಟೇಪು ಕಿತ್ತ. ಮೇಲೆ ಅತ್ತೆಯ ನಿಲುವಂಗಿ. ಅದರ ಕೆಳಗೆ ತನ್ನದೇ ಪ್ಯಾಂಟು, ಅದರ ಕೆಳಗೆ ಹೆಂಡತಿಯದು, ದೊಡ್ಡವಳದು. ಚಿಕ್ಕವಳದು ಒಂದು ಇತ್ತು, ಹಳದಿಯದಲ್ಲ. ಇನ್ನೊಂದು ಪೆಟ್ಟಿಗೆ ಕಿತ್ತ. ಅದರಲ್ಲೂ ಹಾಗೆಯೇ. ಮೂರನೆಯದು ಕಿತ್ತಾಗ ಅವನಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು.

ಕಾರ್ಖಾನೆಯಲ್ಲಿ ಒಂದೇ ಅಳತೆಯ ಅಂಗಿಗಳನ್ನು ಒಂದೇ ಪೆಟ್ಟಿಗೆಗೆ ಹಾಕುವುದಿಲ್ಲ. ಅಂಗಡಿಯವನು ಯಾವ ಪೆಟ್ಟಿಗೆ ಒಡೆದರೂ ಎಲ್ಲ ಅಳತೆಯೂ ಸಿಗಬೇಕು ಎಂದು ಸಣ್ಣದು ಇಷ್ಟು, ನಡುವಣದು ಇಷ್ಟು, ದೊಡ್ಡದು ಇಷ್ಟು ಎಂದು ಬೆರೆಸಿ ತುಂಬುತ್ತಾರೆ. ಹದಿನಾಲ್ಕು ವರ್ಷ ಹಾಗೆ ತುಂಬಿದ ಕೈ, ಮನಸ್ಸು ಎಲ್ಲೋ ಇದ್ದಾಗ, ಇಡೀ ಸಂಸಾರವನ್ನು ಹಾಗೆಯೇ ತುಂಬಿಬಿಟ್ಟಿತ್ತು. ಚಿಕ್ಕವಳು ಸಣ್ಣದು. ದೊಡ್ಡವಳು, ಹೆಂಡತಿ ನಡುವಣದು. ತಾನು, ಅತ್ತೆ ದೊಡ್ಡದು.

ಅವನು ಇದನ್ನು ವಿವರಿಸಿದ. ವಿವರಿಸದಿದ್ದರೆ ಚೆನ್ನಾಗಿತ್ತು.

"ನಾನೂ ನೀವೂ ಒಂದೇ ಅಳತೆ ಅಂತ ಯಾರು ಹೇಳಿದ್ದು ಅಳಿಯಂದ್ರೇ?" ಎಂದರು ಅತ್ತೆ.

ದೊಡ್ಡವಳು ತನ್ನ ನೀಲಿ ಪ್ಯಾಂಟಿಗಾಗಿ ಉಳಿದ ನಾಲ್ಕನ್ನೂ ಎಳೆದು ಕಿತ್ತಳು. ಹತ್ತು ನಿಮಿಷದಲ್ಲಿ ಕೋಣೆ ಮೊದಲಿನದಕ್ಕಿಂತ ಕೆಟ್ಟದಾಯಿತು. ಮಡಿಕೆ ಬಿಚ್ಚಿಕೊಂಡ ಬಟ್ಟೆಗಳು ಹಿಗ್ಗಿ, ಇವೆಲ್ಲ ಎಲ್ಲಿ ಅಡಗಿದ್ದವಪ್ಪಾ ಎನ್ನುವಂತೆ ಖಾಲಿ ಮೂಲೆಯತ್ತ ಹರಿದವು. ಗಡಿಯಾರದಲ್ಲಿ ಹತ್ತೂಕಾಲು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ದಿನಾ ಬೆಳಗ್ಗೆ ಐದು ಜನ ಏಳು ಪೆಟ್ಟಿಗೆ ಹುಡುಕುವುದು ಆಗದ ಮಾತು. ಈಗ ಎಲ್ಲ ಬಿಚ್ಚಿ ಒಬ್ಬೊಬ್ಬರದಾಗಿ ಬೇರೆ ಮಾಡಿ ಮತ್ತೆ ಒತ್ತಿ ತುಂಬಲು ಸಂಜೆಯಾಗುತ್ತದೆ, ಲಾರಿ ಸಂಜೆಯವರೆಗೆ ಕಾಯುವುದಿಲ್ಲ. ಟ್ರಂಕು ಇಳಿಸಿಬಿಡಿ ಎಂದಳು. ಅವನು ಬೀರುವಿನ ಮುಂದೆ ಹೋಗಿ ನಿಂತ. ಕೈ ಮೇಲೆತ್ತಲು ಮನಸ್ಸು ಬರಲಿಲ್ಲ.

ಅತ್ತೆ ಮಾತ್ರ ಮಂಚದಿಂದ ಇಳಿದಿರಲಿಲ್ಲ. ಟೇಪು ಕಿತ್ತಿದ್ದರೂ ಯಾರೂ ಇನ್ನೂ ಕೆದಕದಿದ್ದ ಒಂದು ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು ಒಂದೊಂದಾಗಿ ತೆಗೆದು ತೊಡೆಯ ಮೇಲೆ ಇಡುತ್ತಿದ್ದರು. ನನಗೊಂದು ಜೊತೆ. ನಿನಗೊಂದು. ಅಳಿಯಂದಿರಿಗೊಂದು. ಮಕ್ಕಳಿಬ್ಬರಿಗೂ ಒಂದೊಂದು. ಒಳಗಿನ ಬಟ್ಟೆ, ಕಾಲುಚೀಲ, ಟವೆಲು ಎಲ್ಲ ಇದೆ.

"ಒಂದು ದಿನಕ್ಕೆ ಇನ್ನೇನು ಬೇಕು ನಿಮಗೆ?" ಎಂದರು.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಅತ್ತೆ ಬೆರಳು ಮಡಿಸಿ ತೋರಿಸಿದರು. ಪೆಟ್ಟಿಗೆ ಏಳು, ವಾರಕ್ಕೆ ದಿನ ಏಳು. ದಿನಕ್ಕೊಂದು ಪೆಟ್ಟಿಗೆ ತೆಗೆಯಿರಿ, ಐದು ಜನರೂ ಅದರಿಂದಲೇ ಹಾಕಿಕೊಳ್ಳಿ. ಒಗೆದು ಒಣಗಿದ ಮೇಲೆ ಅದೇ ಪೆಟ್ಟಿಗೆಗೆ ಹೋಗಲಿ. ಹುಡುಕುವುದು ಎಲ್ಲಿ ಬಂತು?

ಹೆಂಡತಿ ಮೊದಲು ನಕ್ಕಳು. ನಗು ಬಂದದ್ದೇ ತಡ, ಕೆಲಸಕ್ಕೆ ರೆಕ್ಕೆ ಬಂತು. ಅವನು ಮಡಿಸಿದ, ಹೆಂಡತಿ ಜೋಡಿಸಿದಳು. ಶಾಲೆಯ ಸಮವಸ್ತ್ರ ಸೋಮವಾರದಿಂದ ಶುಕ್ರವಾರದವರೆಗೆ ಬರುವಂತೆ ಅದಲುಬದಲು ಮಾಡಿದರು. ಚಿಕ್ಕವಳು ಬಣ್ಣದ ಪೆನ್ಸಿಲಿನಲ್ಲಿ ಪೆಟ್ಟಿಗೆಗಳ ಮೇಲೆ ವಾರದ ಹೆಸರು ಬರೆದಳು. ಹಳದಿ ಫ್ರಾಕು ಭಾನುವಾರಕ್ಕೇ ಬೀಳುವಂತೆ ನೋಡಿಕೊಂಡಳು. ದೊಡ್ಡವಳು ಮಾತ್ರ, ಮಂಗಳವಾರ ನನಗೆ ಗುರುವಾರದ್ದು ಹಾಕಬೇಕೆನಿಸಿದರೆ ಎಂದು ವಾದ ಹೂಡಿದಳು.

"ಗುರುವಾರದವರೆಗೆ ಕಾಯಿ. ಓಡಿಹೋಗೋದಿಲ್ಲ ಅದು" ಎಂದರು ಅಜ್ಜಿ. ಕೊನೆಗೆ ರಾಜಿಯಾಗಿ, ಅವಳ ನೀಲಿ ಪ್ಯಾಂಟು ಯಾವ ಪೆಟ್ಟಿಗೆಗೂ ಸೇರದೆ ಬಾಗಿಲ ಹಿಂದಿನ ಮೊಳೆಗೆ ಹೋಯಿತು.

ಹನ್ನೊಂದೂವರೆಗೆ ಅವನೂ ದೊಡ್ಡವಳೂ ನೀರಿನ ಕ್ಯಾನು ಹಾಕುವವನ ಕೈಗಾಡಿ ತಳ್ಳಿಕೊಂಡು ಟೈಲರಮ್ಮನ ಅಂಗಡಿಗೆ ಓಡಿದರು. ಎದುರು ಸಾಲಿನಾಕೆ ಆಗಲೇ ಬಂದು ಮಿಷನ್ನಿನ ಮೇಲೆ ಕೈಯಿಟ್ಟು ನಿಂತಿದ್ದಳು. ಟೈಲರಮ್ಮ ಗಡಿಯಾರ ನೋಡಿ, ಇನ್ನೂ ಹದಿನೈದು ನಿಮಿಷ ಇದೆಯಮ್ಮ ಎಂದು ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟರು. ಮಿಷನ್ನನ್ನು ಗಾಡಿಗೆ ಏರಿಸಿದ ಮೇಲೆ ಅದರ ಚಕ್ರವನ್ನು ಒಮ್ಮೆ ಸವರಿ, "ವಾರಕ್ಕೊಂದು ಸಲ ಎಣ್ಣೆ ಬಿಡೋಕೆ ನಿಮ್ಮಮ್ಮಂಗೆ ಹೇಳು. ಮರೆತರೆ ಕಿರುಚ್ತಾಳೆ ಇವಳು" ಎಂದರು.

ಮೂಲೆಯಲ್ಲಿ ಮಿಷನ್ನು ಕೂತಿತು. ಗೋಡೆಗೂ ಅದಕ್ಕೂ ನಡುವೆ ಮೂರು ಬೆರಳು ಜಾಗ ಉಳಿಯಿತು. ಬೀರುವಿನಲ್ಲಿದ್ದ ಹಳೆಯ ಹಾಸಿಗೆ ಹೊದಿಕೆಯೊಂದನ್ನು ಹೆಂಡತಿ ನೆಲದ ಮೇಲೆ ಹರಡಿ, ಅವನನ್ನು ಅದರ ಮೇಲೆ ಮಲಗಿಸಿ, ಸುತ್ತ ಸೀಮೆಸುಣ್ಣದಲ್ಲಿ ಅಂಗಿಯ ಗೆರೆ ಎಳೆದಳು. ಇದು ಯಾವ ಅಳತೆ ಎಂದು ಅವನು ಕೇಳಿದ. ಹೊಟ್ಟೆ ಒಳಗೆ ಎಳ್ಕೊಬೇಡಿ, ನಿಜವಾದ್ದು ಗೊತ್ತಾಗಲಿ ಎಂದಳು.

ಊಟ ಮುಗಿಸಿ, ಗೆರೆಯ ಗುಂಟ ಬಟ್ಟೆ ಕತ್ತರಿಸಿಕೊಂಡು, ಅವಳು ಮಿಷನ್ನಿನ ಮುಂದೆ ಕೂತಳು. ಸೂಜಿಗೆ ದಾರ ಹಾಕಿ, ಪೆಡಲಿನ ಮೇಲೆ ಕಾಲಿಟ್ಟು, ಬೆನ್ನಿನ ತುಂಡನ್ನು ಮುಂದಿನ ತುಂಡಿಗೆ ಸೇರಿಸಿ ಹಿಡಿದಳು. ಆ ಹೊಲಿಗೆ ಅವಳ ಕೈಗೆ ಹೊಸದು. ಗಂಡ, ಅಮ್ಮ, ಮಕ್ಕಳಿಬ್ಬರು ಸುತ್ತ ಮುತ್ತಿಕೊಂಡರು. ಚಕ್ರ ತಿರುಗಿತು, ನಿಂತಿತು. ಅವಳು ತಲೆಯೆತ್ತಿದಳು.

"ಎಲ್ಲರೂ ಸ್ವಲ್ಪ ಆಚೆ ಹೋಗ್ತೀರಾ? ಬೆಳಕೆಲ್ಲ ನೀವೇ ಕುಡೀತಿದ್ದೀರಿ."

ನಾಲ್ಕೂ ಜನ ನಡುಮನೆಗೆ ಬಂದು, ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು. ಒಳಗೆ ಮಿಷನ್ನು ಓಡತೊಡಗಿತು. ಮೊದಲು ತಡವರಿಸಿ, ಆಮೇಲೆ ಒಂದೇ ಸಮನೆ.